ಹುಬ್ಬಳ್ಳಿಯ ನಳ, ಮುಂಡರಗಿಯ ಬೋರು: ಆರ್‌ಒ ಮಷಿನನ್ನು ನಾನೇ ನೋಡಿಕೊಂಡ ಬಗೆ

ನನಗೆ ಎರಡು ಮನೆಯ ನೀರಿನ ಜವಾಬ್ದಾರಿ ಇದೆ. ಒಂದು, ಹುಬ್ಬಳ್ಳಿಯಲ್ಲಿ ನಾವಿರುವ ಮನೆ. ಇಲ್ಲಿಗೆ ಬರುವುದು ಸವದತ್ತಿ ಹತ್ತಿರದ ನವಿಲುತೀರ್ಥದಲ್ಲಿ ನಿಂತ ಮಲಪ್ರಭೆಯ ನೀರು. ಇನ್ನೊಂದು, ಮುಂಡರಗಿ ತಾಲೂಕಿನ ಹಳ್ಳಿಯಲ್ಲಿರುವ ತವರುಮನೆ. ಅಲ್ಲಿ ಅವ್ವ, ಅಣ್ಣ, ವೈನಿ ಮತ್ತು ಮಕ್ಕಳು ವರ್ಷದ ಬಹುಪಾಲು ಬೋರ್ ನೀರನ್ನೇ ನಂಬಿಕೊಂಡಿದ್ದಾರೆ. ಎರಡೂ ಮನೆಗೆ ಒಂದೇ ನಮೂನೆಯ ಆರ್‌ಒ ಮಷಿನ್ ಬಂತು, ಅಂದರೆ ಮೆಂಬ್ರೇನ್ ಎಂಬ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಕರಗಿದ ಲವಣ ತೆಗೆಯುವ ಯಂತ್ರ. ಹುಬ್ಬಳ್ಳಿಯದು ವಾಸ್ತುಶಾಂತಿಗೆ ಬೀಗರು ಕೊಟ್ಟ ಉಡುಗೊರೆ, ಹಳ್ಳಿಯದು ಅಣ್ಣ ಸಾಲ ಮಾಡಿ ತಂದದ್ದು. ಒಂದು ಮನೆಗೆ ಅದು ಬೇಕಾಗಿರಲಿಲ್ಲ. ಇನ್ನೊಂದು ಮನೆಗೆ ಬೇಕೇ ಬೇಕಾಗಿತ್ತು, ಆದರೆ ಕೂಡಿಸಿದವರು ಯಾವ ಕೆಲಸಕ್ಕೆ ಅದನ್ನು ತಂದರೋ ಆ ಕೆಲಸವನ್ನೇ ಅರ್ಧ ಕೆಡಿಸಿ ಹೋಗಿದ್ದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಕೆಲವು ವರ್ಷಗಳಿಂದ ಎರಡೂ ಮಷಿನುಗಳನ್ನು ನಾನೇ ಬಿಚ್ಚಿ, ತೊಳೆದು, ಫಿಲ್ಟರ್ ಬದಲಿಸಿ ನಡೆಸುತ್ತಿದ್ದೇನೆ. ನಮ್ಮ ಓಣಿಯವರು, ಸಹೋದ್ಯೋಗಿಗಳು ಬಂದು ಕೇಳುತ್ತಾರೆ, ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನೀರಿನ ಹೆದರಿಕೆ ತೋರಿಸಿ ರೊಕ್ಕ ತೆಗೆಯುವ ವ್ಯಾಪಾರ ನಮ್ಮ ಸೀಮೆಯಲ್ಲಿ ತುಂಬಾ ಬೆಳೆದಿದೆ. ಅದನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ, ಏಕೆಂದರೆ ಹೆದರಬೇಕಾದ ಕಡೆ ಯಾರೂ ಹೆದರಿಸುತ್ತಿಲ್ಲ.

ಮೊದಲು, ಆರ್‌ಒ ಮಾರುವವರು ಮನೆಗೆ ಬಂದು ತೋರಿಸುವ ಪ್ರಯೋಗದ ವಿಷಯ. ನಮ್ಮ ಭಾಗದ ಬಹಳ ಮನೆಗಳಲ್ಲಿ ಇದು ನಡೆದಿದೆ. ಮಾರಾಟದ ಹುಡುಗ ಒಂದು ಸಣ್ಣ ಪೆಟ್ಟಿಗೆ ತರುತ್ತಾನೆ, ಅದಕ್ಕೆ ನಾಲ್ಕು ಲೋಹದ ಸರಳುಗಳು. ಎರಡು ಗ್ಲಾಸ್ ಕೇಳಿ ಒಂದರಲ್ಲಿ ನಳದ ನೀರು, ಇನ್ನೊಂದರಲ್ಲಿ ತಾನು ತಂದ ಆರ್‌ಒ ನೀರು ತುಂಬಿ ಸರಳು ಇಳಿಸಿ ಕರೆಂಟ್ ಹಾಕುತ್ತಾನೆ. ಅರೆಗಳಿಗೆಯಲ್ಲಿ ನಳದ ನೀರು ಕಂದು, ಕೆಮ್ಮಣ್ಣು ಬಣ್ಣಕ್ಕೆ ತಿರುಗಿ ಮೇಲೆ ಕೆನೆ ಕಟ್ಟುತ್ತದೆ. ಆರ್‌ಒ ನೀರು ಹಾಗೇ ಇರುತ್ತದೆ. "ನೋಡ್ರಿ ಮೇಡಂ, ದಿನಾ ನೀವು ಕುಡಿಯೂದು ಇದನ್ನ" ಅನ್ನುತ್ತಾನೆ. ಪಕ್ಕದ ಮನೆಯ ಅಜ್ಜಿ ಅದನ್ನು ನೋಡಿ ನಡುಗುತ್ತಾ ನಮ್ಮ ಮನೆಗೆ ಬಂದಿದ್ದರು. "ನಮ್ಮ ನೀರು ಇಷ್ಟ ಹೊಲಸ ಅದಾವೇನ್ರಿ?"

ಹೊಲಸು ನೀರಿನಲ್ಲಿ ಇರಲಿಲ್ಲ, ಸರಳಿನಲ್ಲಿತ್ತು. ಆ ಸರಳುಗಳಲ್ಲಿ ಒಂದು ಜೋಡಿ ಕಬ್ಬಿಣದ್ದು. ಕರಗಿದ ಲವಣ ಇರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣ ಕರಗಿ ತುಕ್ಕಾಗಿ ನೀರಿಗೆ ಬೀಳುತ್ತದೆ. ಆರ್‌ಒ ನೀರಿನಲ್ಲಿ ಲವಣ ಬಹಳ ಕಡಿಮೆ, ಹಾಗಾಗಿ ವಿದ್ಯುತ್ ಹರಿಯುವುದು ಕಡಿಮೆ, ತುಕ್ಕೂ ಬೀಳುವುದಿಲ್ಲ. ಆ ಆರ್‌ಒ ಗ್ಲಾಸಿಗೆ ಚಿಟಿಕೆ ಉಪ್ಪು ಹಾಕಿಸಿ ಮತ್ತೆ ಕರೆಂಟ್ ಹಾಕಿಸಿದರೆ ಅದೂ ಕೆಂಪಾಗುತ್ತದೆ. ಶಾಲೆಯಲ್ಲಿ ಎರಡು ಕಬ್ಬಿಣದ ಮೊಳೆ, ಒಂಬತ್ತು ವೋಲ್ಟಿನ ಬ್ಯಾಟರಿ ಇಟ್ಟುಕೊಂಡು ಮಕ್ಕಳಿಗೆ ಇದನ್ನು ಮಾಡಿ ತೋರಿಸುತ್ತೇನೆ. ಬ್ಯಾಟರಿಯಲ್ಲಿ ಬಣ್ಣ ಬರಲು ಹೊತ್ತು ಹಿಡಿಯುತ್ತದೆ, ಆದರೆ ಬರುತ್ತದೆ. ಮನೆಯಲ್ಲಿ ನೇರ ಕರೆಂಟಿನಿಂದ ಮಾಡಬೇಡಿ, ಜೀವಕ್ಕೆ ಅಪಾಯ.

ಎರಡನೆಯ ಹೆದರಿಕೆಯ ಸಾಮಾನು ಟಿಡಿಎಸ್ ಮೀಟರ್. ಪೆನ್ನಿನಷ್ಟು ಉದ್ದ, ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಇದು ಒಳ್ಳೆಯ ಉಪಕರಣ, ನನ್ನ ಹತ್ತಿರವೂ ಇದೆ. ಆದರೆ ಅದು ಅಳೆಯುವುದು ನೀರಿನಲ್ಲಿ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಮಾತ್ರ. ಅದರಿಂದ ಒಟ್ಟು ಕರಗಿದ ಲವಣ ಎಷ್ಟಿರಬಹುದು ಎಂದು ಅಂದಾಜು ಕಟ್ಟುತ್ತದೆ. ಆ ಲವಣ ಸುಣ್ಣವೋ, ಅಡುಗೆ ಉಪ್ಪೋ, ನೈಟ್ರೇಟೋ, ಫ್ಲೋರೈಡೋ ಅದಕ್ಕೆ ಗೊತ್ತಾಗುವುದಿಲ್ಲ. ಬ್ಯಾಕ್ಟೀರಿಯಾ ಅಂತೂ ಅದರ ಲೆಕ್ಕಕ್ಕೇ ಬರುವುದಿಲ್ಲ. ಗಟಾರದ ನೀರು ಸೇರಿದ ನಳದ ನೀರಿನ ಅಂಕಿ 180 ಇರಬಹುದು, ಯಾವ ದೋಷವೂ ಇಲ್ಲದ ಬಾವಿಯ ನೀರಿನದು 450 ಇರಬಹುದು.

ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನಕ ಐಎಸ್ 10500. ಅದರ ಪ್ರಕಾರ ಲೀಟರಿಗೆ 500 ಮಿಲಿಗ್ರಾಂ ತನಕ ಟಿಡಿಎಸ್ ಇದ್ದರೆ ನಡೆಯುತ್ತದೆ, ಬೇರೆ ಮೂಲ ಇಲ್ಲದ ಕಡೆ 2000 ತನಕ ಸಹಿಸಬಹುದು. ಹುಬ್ಬಳ್ಳಿಯ ನಮ್ಮ ನಳದ ನೀರು ನನ್ನ ಮೀಟರಿನಲ್ಲಿ ನೂರರಿಂದ ಇನ್ನೂರರ ನಡುವೆ ಆಡುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಏರುತ್ತದೆ, ಮಳೆಗಾಲದಲ್ಲಿ ಇಳಿಯುತ್ತದೆ. ಈ ನೀರಿಗೆ ಆರ್‌ಒ ಯಾಕೆ? ಈ ತಂತ್ರದ ಮೂಲ ನೋಡಿದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. 1960ರ ಆಸುಪಾಸಿನಲ್ಲಿ ಲಾಸ್ ಏಂಜಲೀಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ನಮ್ಮವರೇ ಆದ ಶ್ರೀನಿವಾಸ ಸೌರಿರಾಜನ್ ಕೂಡಿ ಕೆಲಸಕ್ಕೆ ಬರುವಂಥ ಮೆಂಬ್ರೇನ್ ಮಾಡಿದರು, ಅವರ ಗುರಿ ಸಮುದ್ರದ ನೀರಿನ ಉಪ್ಪು ತೆಗೆಯುವುದಾಗಿತ್ತು. ದೊಡ್ಡ ಸಾಧನೆ ಅದು. ಅದನ್ನು ತಂದು ಮಲಪ್ರಭೆಯ ಸಿಹಿನೀರಿಗೆ ಹಚ್ಚಿ, ಒಂದು ಗ್ಲಾಸ್ ಕುಡಿಯಲು ಎರಡು ಮೂರು ಗ್ಲಾಸ್ ಗಟಾರಕ್ಕೆ ಬಿಡುತ್ತಿದ್ದೇವೆ. ಅದೂ ವಾರಕ್ಕೊಮ್ಮೆ ನೀರು ಬಂದ ಕಾಲ ಕಂಡ ಊರಿನಲ್ಲಿ. 2019ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬಳಕೆ ನಿಷೇಧಿಸುವಂತೆ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ತಯಾರಕರ ಸಂಘ ಸುಪ್ರೀಂ ಕೋರ್ಟಿಗೆ ಹೋಯಿತು. ನಮ್ಮ ಅಂಗಡಿಗಳಲ್ಲಿ ಮಾರಾಟ ಒಂದು ದಿನವೂ ನಿಲ್ಲಲಿಲ್ಲ.

ಹಾಗಂತ ಹುಬ್ಬಳ್ಳಿಯ ನಳದ ನೀರನ್ನು ಕಣ್ಣು ಮುಚ್ಚಿ ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ. ಇಲ್ಲಿಯ ತೊಂದರೆ ಲವಣದ್ದಲ್ಲ, ರೋಗಾಣುವಿನದು, ಮತ್ತು ಇದಕ್ಕೆ ನಮ್ಮ ಊರಿನದೇ ಪುರಾವೆ ಇದೆ. 2008ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯಲ್ಲಿ ಹುಬ್ಬಳ್ಳಿ-ಧಾರವಾಡದ ಕೆಲವು ವಾರ್ಡುಗಳಿಗೆ ದಿನದ ಇಪ್ಪತ್ನಾಲ್ಕು ತಾಸು ನೀರು ಬರತೊಡಗಿತು, ಉಳಿದ ವಾರ್ಡುಗಳಿಗೆ ಐದಾರು ದಿನಕ್ಕೊಮ್ಮೆ ಬಿಡುವ ಪದ್ಧತಿಯೇ ಮುಂದುವರಿಯಿತು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎರಡೂ ಕಡೆಯ ನಳಗಳಿಂದ ನೀರು ಹಿಡಿದು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಸತತ ನೀರು ಬರುವ ನಳಗಳಲ್ಲಿ 0.7 ಶೇಕಡಾ ಮಾದರಿಗಳಲ್ಲಷ್ಟೇ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿತು, ಬಿಟ್ಟು ಬಿಟ್ಟು ಬರುವ ನಳಗಳಲ್ಲಿ 31.7 ಶೇಕಡಾ. ಅಣೆಕಟ್ಟು ಒಂದೇ, ಊರೂ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು? ನೀರು ನಿಂತಾಗ ಪೈಪು ಖಾಲಿಯಾಗುತ್ತದೆ, ಒಳಗಿನ ಒತ್ತಡ ಇಳಿಯುತ್ತದೆ, ಬಿರುಕಿನ ಜಾಗದಲ್ಲಿ ಸುತ್ತಲಿನ ಹೊಲಸು ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ನಾವು ಅದನ್ನು ಸಂಪಿನಲ್ಲಿ, ಬ್ಯಾರಲ್ಲಿನಲ್ಲಿ ದಿನಗಟ್ಟಲೆ ಇಡುತ್ತೇವೆ. ಕೈ ಅದ್ದಿದ ತಂಬಿಗೆ ಅದರಲ್ಲೇ ಮುಳುಗುತ್ತದೆ.

ಹಾಗಾಗಿ ಹುಬ್ಬಳ್ಳಿ ಮನೆಯಲ್ಲಿ ನಾನು ನೋಡಿದ್ದು ಎರಡು ಪರೀಕ್ಷೆ. ಒಂದು ಕ್ಲೋರಿನ್. ನಳದ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎನ್ನುತ್ತದೆ ಮಾನಕ. ಇದಕ್ಕೆ ಹನಿ ಹಾಕಿ ಹಳದಿ ಬಣ್ಣ ನೋಡುವ ಸಣ್ಣ ಕಿಟ್ ಸಿಗುತ್ತದೆ. ಇನ್ನೊಂದು ಎಚ್2ಎಸ್ ಬಾಟಲಿ, ಗ್ರಾಮ ಪಂಚಾಯಿತಿಗಳಲ್ಲಿ ಬಳಸುವುದು ಇದನ್ನೇ. ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದಿಂದ ಬಂದ ಬ್ಯಾಕ್ಟೀರಿಯಾ ಇದ್ದಾಗ ಕಪ್ಪಾಗುತ್ತದೆ. ನಳದಲ್ಲಿ ನೇರ ಹಿಡಿದ ನೀರು ಕಪ್ಪಾಗಲಿಲ್ಲ. ನಮ್ಮದೇ ಸಂಪಿನದು ಕಪ್ಪಾಯಿತು. ಸಂಪು ತಿಕ್ಕಿ ತೊಳೆಸಿ ಬ್ಲೀಚಿಂಗ್ ಪೌಡರ್ ಹಾಕಿಸಿ, ಮುಚ್ಚಳದ ಸಂದಿಗೆ ಸಿಮೆಂಟ್ ಮೆತ್ತಿಸಿದ ಮೇಲೆ ಅದೂ ನಿಂತಿತು. ಈ ಕೆಲಸಕ್ಕೆ ಆದ ಖರ್ಚು ಆರ್‌ಒ ಮಷಿನಿನ ಒಂದು ವರ್ಷದ ಸರ್ವಿಸ್ ಕಾಂಟ್ರ್ಯಾಕ್ಟಿಗಿಂತ ಕಡಿಮೆ.

ಆ ಮನೆಯ ಆರ್‌ಒ ಮೆಂಬ್ರೇನನ್ನು ತೆಗೆದು ಅದರ ಜಾಗದಲ್ಲಿ ಯುಎಫ್ ಕೂಡಿಸಿದೆ. ಯುಎಫ್ ಅಂದರೆ ಕೂದಲೆಳೆಯಂಥ ಟೊಳ್ಳು ನಾಳಗಳ ಕಟ್ಟು, ಅದರ ರಂಧ್ರ ಸುಮಾರು 0.01 ಮೈಕ್ರಾನ್. ಬ್ಯಾಕ್ಟೀರಿಯಾ ದಾಟುವುದಿಲ್ಲ, ಲವಣ ದಾಟುತ್ತದೆ. ಮಾಳಿಗೆಯ ಟ್ಯಾಂಕಿನ ಒತ್ತಡ ಸಾಕು, ಪಂಪು ಬೇಡ, ಕರೆಂಟ್ ಬೇಡ, ಗಟಾರಕ್ಕೆ ಹೋಗುವ ನೀರಿಲ್ಲ. ಮುಂದೆ ಉಸುಕು, ಮಣ್ಣು ತಡೆಯುವ ಒಂದು ಸ್ಪನ್ ಫಿಲ್ಟರ್, ಒಂದು ಕಾರ್ಬನ್ ಫಿಲ್ಟರ್. ಮಷಿನಿನ ಒಳಗಿನ ಸಂಗ್ರಹದ ಡಬ್ಬಿಯನ್ನೂ ತೆಗೆದುಬಿಟ್ಟೆ. ಕಾರ್ಬನ್ ಕ್ಲೋರಿನ್ನನ್ನು ಹೀರಿಕೊಂಡ ಮೇಲೆ ನೀರಿಗೆ ಕಾವಲು ಇರುವುದಿಲ್ಲ, ಅಂಥ ನೀರನ್ನು ಡಬ್ಬಿಯಲ್ಲಿ ಇಟ್ಟರೆ ಪಾಚಿ, ಲೋಳೆ ಕಟ್ಟುತ್ತದೆ. ಬೇಕಾದಾಗ ಹಿಡಿದು ಕುಡಿಯುತ್ತೇವೆ. ಊರಲ್ಲಿ ಕಾಮಾಲೆ ಸುದ್ದಿ ಬಂದಾಗ, ಪೈಪ್ ಒಡೆದಾಗ ಕುದಿಸುತ್ತೇವೆ, ವೈರಸ್ಸಿಗೆ ಯುಎಫ್ ಒಂದನ್ನೇ ನಾನು ನಂಬುವುದಿಲ್ಲ. ಚೆನ್ನಾಗಿ ಗುಳ್ಳೆ ಎದ್ದು ಒಂದು ನಿಮಿಷ ಕುದಿದರೆ ಸಾಕು, ಅರ್ಧ ತಾಸು ಗ್ಯಾಸ್ ಉರಿಸಬೇಕಿಲ್ಲ. ಈ ಇಡೀ ಬದಲಾವಣೆಗೆ ಎರಡೂವರೆ ಸಾವಿರದ ಒಳಗೆ ಆಯಿತು. ಈಗ ವರ್ಷಕ್ಕೆ ಫಿಲ್ಟರಿಗೆ ಕೆಲವು ನೂರು ರೂಪಾಯಿ.

ಕಾಂಟ್ರ್ಯಾಕ್ಟಿನ ಮಾತು ಬಂತು. ಈ ವ್ಯಾಪಾರದ ಲಾಭ ಮಷಿನಿನಲ್ಲಿ ಕಡಿಮೆ, ವರ್ಷ ವರ್ಷದ ಸರ್ವಿಸಿನಲ್ಲಿ ಹೆಚ್ಚು. ನಮ್ಮ ಹುಬ್ಬಳ್ಳಿ ಮಷಿನಿಗೆ ವಾರಂಟಿ ಮುಗಿಯುವ ಮೊದಲೇ ಫೋನ್ ಶುರುವಾದವು. ಆರು ಸಾವಿರದ ಹತ್ತಿರ ಕೇಳಿದರು. ಕಾಗದ ತರಿಸಿ ಓದಿದೆ. ಮೆಂಬ್ರೇನ್ "ಅಗತ್ಯ ಬಿದ್ದರೆ", ಅಗತ್ಯ ಇದೆಯೋ ಇಲ್ಲವೋ ನಿರ್ಧರಿಸುವವರು ಅವರೇ. ಪಂಪು, ಪವರ್ ಸಪ್ಲೈ ಬೇರೆ ಲೆಕ್ಕ. ಭೇಟಿ ವರ್ಷಕ್ಕೆ ಇಂತಿಷ್ಟು, ಮೇಲಿನದಕ್ಕೆ ಚಾರ್ಜು. ಬಂದ ಹುಡುಗ ಒಳ್ಳೆಯವನು. ಕುಳ್ಳಿರಿಸಿ ಚಹಾ ಕೊಟ್ಟಾಗ ತಾನೇ ಹೇಳಿದ: "ತಿಂಗಳಾ ಇಷ್ಟು ಕಾಂಟ್ರ್ಯಾಕ್ಟ್ ಮಾಡ್ಲೇಬೇಕ್ರಿ ಮೇಡಂ, ಇಲ್ಲಂದ್ರ ಪಗಾರದಾಗ ಹಿಡಿತಾರ." ಅವನ ಮೇಲೆ ನನಗೆ ಸಿಟ್ಟಿಲ್ಲ. ಪಗಾರವನ್ನು ಹೀಗೆ ಕಟ್ಟಿದವರ ಮೇಲಿದೆ. ರಿಪೇರಿಗೆ ಬಂದವನಿಗೆ ಏನಾದರೂ ಕೆಟ್ಟಿದೆ ಎಂದು ಹೇಳದೆ ಹೊಟ್ಟೆ ತುಂಬದಂತೆ ಮಾಡಿದರೆ ಅವನು ಸತ್ಯ ಹೇಳುವುದಾದರೂ ಹೇಗೆ?

ಅದೇ ಮಷಿನಿನ ಬಿಡಿಭಾಗಗಳನ್ನು ಕೊಪ್ಪೀಕರ ರಸ್ತೆ, ದುರ್ಗದಬೈಲ್ ಕಡೆಯ ಅಂಗಡಿಗಳಲ್ಲಿ ವಿಚಾರಿಸಿದೆ. ಸ್ಪನ್ ನೂರರ ಆಸುಪಾಸು, ಕಾರ್ಬನ್ ಮತ್ತು ಸೆಡಿಮೆಂಟ್ ತಲಾ ಇನ್ನೂರೈವತ್ತು ಮುನ್ನೂರು, ಒಳ್ಳೆಯ ಕಂಪನಿಯ ಮೆಂಬ್ರೇನ್ ಸಾವಿರದಿಂದ ಸಾವಿರದೈನೂರು. ಸರಿಯಾಗಿ ನೋಡಿಕೊಂಡರೆ ಮೆಂಬ್ರೇನ್ ಎರಡು ಮೂರು ವರ್ಷ ಬಾಳುತ್ತದೆ. ಬಹುತೇಕ ಮನೆ ಮಷಿನುಗಳಲ್ಲಿ ಈ ಭಾಗಗಳ ಅಳತೆ ಒಂದೇ. ಕಾಲಿಂಚಿನ ಪೈಪ್, ಅದೇ ಕನೆಕ್ಟರ್, 24 ವೋಲ್ಟಿನ ಪಂಪು. ಹೊರಗಿನ ಪ್ಲಾಸ್ಟಿಕ್ ಡಬ್ಬಿ ಮತ್ತು ಹೆಸರು ಮಾತ್ರ ಬೇರೆ. ಆದರೆ ಕೊಳ್ಳುವ ಮೊದಲೇ ನೋಡಬೇಕಾದ ಸಂಗತಿಯೂ ಇದೇ. ಈಗ ಕೆಲವು ಮಾದರಿಗಳಲ್ಲಿ ತಮ್ಮದೇ ಆಕಾರದ ಕಾರ್ಟ್ರಿಜ್ ಇಟ್ಟಿದ್ದಾರೆ, ಪೇಟೆಯದು ಕೂಡುವುದಿಲ್ಲ. ಕೆಲವಕ್ಕೆ ತಿಂಗಳ ಬಾಡಿಗೆ. ಲೀಟರ್ ಲೆಕ್ಕದಲ್ಲಿ ಮೊಬೈಲಿನಿಂದ ರೀಚಾರ್ಜ್ ಮಾಡಬೇಕು, ಮಾಡದಿದ್ದರೆ ನೀರು ಕೊಡುವುದಿಲ್ಲ. ನಮ್ಮ ಮನೆಯ ನಳದ ನೀರು, ನಮ್ಮ ಮನೆಯ ಕರೆಂಟು, ನಡುವೆ ನಿಂತ ಡಬ್ಬಿಯ ಬೀಗದ ಕೈ ಮಾತ್ರ ಬೇರೆಯವರ ಹತ್ತಿರ. ಕುಡಿಯುವ ನೀರಿನ ವಿಷಯದಲ್ಲಿ ಇದನ್ನು ನಾನು ಒಪ್ಪಲಾರೆ. "ಫಿಲ್ಟರ್ ಬದಲಿಸಿ" ಎಂದು ಹೊಳೆಯುವ ಕೆಂಪು ದೀಪವೂ ಬಹಳ ಮಷಿನುಗಳಲ್ಲಿ ತಾಸಿನ ಎಣಿಕೆಯೇ ಹೊರತು ನೀರನ್ನು ನೋಡಿ ಹೇಳುವುದಲ್ಲ.

ಖನಿಜ ಸೇರಿಸುವ ಕಾರ್ಟ್ರಿಜ್, ತಾಮ್ರದ ಕಾರ್ಟ್ರಿಜ್, ಕ್ಷಾರದ ಕಾರ್ಟ್ರಿಜ್ ಇವಕ್ಕೆ ನಾನು ಒಂದು ರೂಪಾಯಿಯನ್ನೂ ಕೊಟ್ಟಿಲ್ಲ. ಮಲಪ್ರಭೆಯ ನೀರಿನಲ್ಲಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ತೆಗೆದು ಗಟಾರಕ್ಕೆ ಬಿಟ್ಟು, ಆಮೇಲೆ ಅದನ್ನೇ ಮತ್ತೆ ಸೇರಿಸಲು ರೊಕ್ಕ ಕೇಳುತ್ತಾರೆ.

ಇನ್ನು ಹಳ್ಳಿಯ ಮನೆ. ನನ್ನ ಮನಸ್ಸಿರುವುದು ಇಲ್ಲಿ.

ಮುಂಡರಗಿ ಸೀಮೆಯ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಹೊಸ ಸುದ್ದಿಯಲ್ಲ. ಗಟ್ಟಿಕಲ್ಲಿನಲ್ಲಿರುವ ಖನಿಜ ಕರಗಿ ನೀರಿಗೆ ಬರುತ್ತದೆ, ಬೋರ್ ಆಳಕ್ಕೆ ಹೋದಷ್ಟೂ ಹಲವು ಕಡೆ ಹೆಚ್ಚುತ್ತದೆ. ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ತನಕ ಒಳ್ಳೆಯದು, ಬೇರೆ ದಾರಿ ಇಲ್ಲದಿದ್ದರೆ 1.5. ಅದರಾಚೆ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಗೆರೆ ಬರುತ್ತವೆ. ಇನ್ನೂ ಹೆಚ್ಚಾದರೆ ಕೀಲು, ಬೆನ್ನು ಬಿಗಿಯುತ್ತವೆ. ಎಂಟು ವರ್ಷದೊಳಗಿನ ಮಕ್ಕಳಿಗೆ ಹಲ್ಲು ರೂಪುಗೊಳ್ಳುವ ಕಾಲ, ಆಗ ಆದ ಕಲೆ ಮುಂದೆ ಹೋಗುವುದಿಲ್ಲ. ನಮ್ಮ ಹಳ್ಳಿಯ ಶಾಲೆಯ ಮಕ್ಕಳು ನಕ್ಕಾಗ ಕೈ ಬಾಯಿಗೆ ಅಡ್ಡ ಹಿಡಿಯುತ್ತಾರೆ. ನನ್ನ ಜೊತೆ ಓದಿದವರೂ ಹಾಗೇ ಹಿಡಿಯುತ್ತಿದ್ದರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟು ದಟ್ಟವಾಗುತ್ತದೆ. ಯುಎಫ್, ಯುವಿ (ನೇರಳಾತೀತ ದೀಪ), ಕ್ಯಾಂಡಲ್ ಫಿಲ್ಟರ್ ಇದನ್ನು ಮುಟ್ಟುವುದಿಲ್ಲ. ಇಲ್ಲಿ ಆರ್‌ಒ ಬೇಕು. ತುಂಗಭದ್ರೆಯ ನೀರು ಬಹುಗ್ರಾಮ ಯೋಜನೆಯ ಪೈಪಿನಲ್ಲಿ ಬರುತ್ತದೆ, ಬಂದ ದಿನ ಅದೇ ಎಲ್ಲಕ್ಕಿಂತ ಒಳ್ಳೆಯದು, ಆದರೆ ನಮ್ಮ ಓಣಿಯ ತುದಿಗೆ ದಿನಾ ತಲುಪುವುದಿಲ್ಲ.

ಬೋರ್ ನೀರನ್ನು ಜಿಲ್ಲೆಯ ಗ್ರಾಮೀಣ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಟ್ಟೆ. ಜಲ ಜೀವನ್ ಮಿಷನ್ ಅಡಿಯಲ್ಲಿ ಈ ಲ್ಯಾಬುಗಳಿಗೆ ಸಾಮಾನ್ಯ ಜನರೂ ನೀರು ಕೊಡಬಹುದು, ಶುಲ್ಕ ಅಲ್ಪ. ಫ್ಲೋರೈಡ್ ನೋಡಿಸುವುದಿದ್ದರೆ ಗಾಜಿನ ಬಾಟಲಿ ಬೇಡ, ಸ್ವಚ್ಛವಾದ ಪ್ಲಾಸ್ಟಿಕ್ ಬಾಟಲಿ ಬೇಕು. ಅದೇ ನೀರಿನಿಂದ ಮೂರು ನಾಲ್ಕು ಸಲ ಗಲಬರಿಸಿ, ಬೋರ್ ಸ್ವಲ್ಪ ಹೊತ್ತು ಓಡಿದ ಮೇಲೆ ಹಿಡಿಯಬೇಕು. ಫಲಿತಾಂಶ: ಟಿಡಿಎಸ್ 1200ರ ಹತ್ತಿರ, ಫ್ಲೋರೈಡ್ 4. ಅವ್ವನಿಗೆ ಅಂಕಿ ಹೇಳಿದಾಗ "ಈ ನೀರಾಗ ಬ್ಯಾಳಿನೂ ಬೇಯೂದಿಲ್ಲ, ನನಗ ಗೊತ್ತದ" ಅಂದಳು. ಬೇಳೆ ಬೇಯದಿರುವುದು ಗಡಸಿನಿಂದ, ಫ್ಲೋರೈಡಿನಿಂದಲ್ಲ. ಆದರೆ ನೀರಿನ ಮೇಲೆ ಅವಳಿಗಿದ್ದ ಸಂಶಯ ಸರಿ ಇತ್ತು.

ಆಮೇಲೆ ಮಷಿನಿನಿಂದ ಬಂದ ನೀರನ್ನು ಅಳೆದೆ. ಮೀಟರಿನಲ್ಲಿ 450. ಹೊಸ ಮೆಂಬ್ರೇನ್ ಲವಣದ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ತಡೆಯಬೇಕು, ಅಂದರೆ 1200 ಒಳಗೆ ಹೋದರೆ ಎಪ್ಪತ್ತು ಎಂಬತ್ತು ಬರಬೇಕು. ಮಷಿನ್ ಬಿಚ್ಚಿದೆ. ಮೆಂಬ್ರೇನಿನ ಪಕ್ಕದಲ್ಲಿ ಬೆರಳಿನಷ್ಟು ಸಣ್ಣ ಒಂದು ತಿರುಪು, ಅದಕ್ಕೆ ಟಿಡಿಎಸ್ ಅಡ್ಜಸ್ಟರ್ ಅನ್ನುತ್ತಾರೆ. ಅದನ್ನು ಸಾಕಷ್ಟು ತೆರೆದಿಟ್ಟಿದ್ದರು. ಕೂಡಿಸಿದ ಮೆಕ್ಯಾನಿಕ್ಕಿಗೆ ಅಣ್ಣ ಫೋನ್ ಹಚ್ಚಿ ಕೊಟ್ಟ. "ಸಪ್ಪಗ ಆಗ್ತಾವ್ರಿ ಅಕ್ಕಾರ, ರುಚಿ ಬರ್ಲಿ ಅಂತ ಒಂದೀಟು ತಿರುವೀನ್ರಿ" ಅಂದ.

ಈ ತಿರುಪು ಮಾಡುವುದು ಇಷ್ಟೇ: ಮೆಂಬ್ರೇನಿನ ಮೂಲಕ ಹಾಯದ ಬೋರ್ ನೀರನ್ನು ಪಕ್ಕದ ದಾರಿಯಿಂದ ತಂದು ಶುದ್ಧ ನೀರಿಗೆ ಬೆರೆಸುತ್ತದೆ. 450 ಬರಬೇಕಾದರೆ ಗ್ಲಾಸಿನ ಮೂರನೇ ಒಂದು ಪಾಲು ಬೋರ್ ನೀರೇ ಇರಬೇಕು. ಆ ಪಾಲಿನ ಜೊತೆ ಫ್ಲೋರೈಡೂ ಬರುತ್ತದೆ. ಲೆಕ್ಕ ಹಾಕಿದರೆ ಲೀಟರಿಗೆ 1.5ರ ಸಮೀಪ, ಲ್ಯಾಬಿನ ಉತ್ತರವೂ ಹೆಚ್ಚುಕಡಿಮೆ ಅಷ್ಟೇ ಬಂತು. ಇಪ್ಪತ್ತು ಸಾವಿರದ ಹತ್ತಿರ ಕೊಟ್ಟು ಮಷಿನ್ ತಂದದ್ದು ಯಾವುದನ್ನು ತೆಗೆಯಲಿಕ್ಕೋ ಅದನ್ನೇ ರುಚಿಗಾಗಿ ಮಕ್ಕಳ ಗ್ಲಾಸಿಗೆ ವಾಪಸ್ ಹಾಕುತ್ತಿದ್ದರು. ಆ ಮೆಕ್ಯಾನಿಕ್ಕಿಗೆ ಯಾರೂ ಇದನ್ನು ಕಲಿಸಿರಲಿಲ್ಲ. ಕಂಪನಿಯ ತರಬೇತಿಯಲ್ಲಿ ಟಿಡಿಎಸ್ ಎಷ್ಟಕ್ಕೆ ಇಡಬೇಕು ಎಂದು ಹೇಳಿದ್ದರಂತೆ, ಫ್ಲೋರೈಡಿನ ಮಾತೇ ಬಂದಿರಲಿಲ್ಲವಂತೆ. ಗದಗ ಜಿಲ್ಲೆಯಲ್ಲಿ ಮಷಿನ್ ಮಾರುವವರು ಫ್ಲೋರೈಡ್ ಬಗ್ಗೆ ತಮ್ಮ ಕೆಲಸಗಾರರಿಗೆ ಒಂದು ಮಾತು ಹೇಳದಿರುವುದು ನನ್ನ ಮಟ್ಟಿಗೆ ದೊಡ್ಡ ತಪ್ಪು. ಫ್ಲೋರೈಡ್ ಸೀಮೆಯಲ್ಲಿ ನಿಮ್ಮ ಮನೆಗೆ ಆರ್‌ಒ ಇದ್ದರೆ ಇವತ್ತೇ ಆ ತಿರುಪನ್ನು ಪೂರ್ತಿ ಮುಚ್ಚಿರಿ. ನೀರು ಸಪ್ಪಗೆ ಅನಿಸುತ್ತದೆ, ಎಂಟು ಹತ್ತು ದಿನದಲ್ಲಿ ನಾಲಿಗೆಗೆ ರೂಢಿಯಾಗುತ್ತದೆ.

ಇನ್ನೊಂದು ಸಂಗತಿ ಅಡಿಗೆಮನೆಯಲ್ಲಿ ಕಂಡಿತು. ಕುಡಿಯಲು ಮಷಿನಿನ ನೀರು, ಅನ್ನಕ್ಕೆ, ಬೇಳೆಗೆ, ಚಹಾಕ್ಕೆ, ರೊಟ್ಟಿ ಹಿಟ್ಟು ನಾದಲು ಬೋರ್ ನೀರು. ಅನ್ನ ಕುಡಿದ ನೀರೂ ಹೊಟ್ಟೆಗೇ ಹೋಗುತ್ತದೆ. ವೈನಿಗೆ ಹೇಳಿದ ಮೇಲೆ ಈಗ ಎರಡು ಕೊಡ ಬೇರೆ ಇಟ್ಟಿದ್ದಾರೆ, ಅಡಿಗೆಗೂ ಮಷಿನಿನ ನೀರೇ. ತೊಳೆಯಲು, ಬಳಿಯಲು ಬೋರ್.

ಮಷಿನ್ ನೋಡಿಕೊಳ್ಳುವುದು ಕಷ್ಟದ ಕೆಲಸವಲ್ಲ. ಪ್ಲಗ್ ಕೀಳಬೇಕು, ಒಳಗೆ ಬರುವ ನೀರಿನ ವಾಲ್ವ್ ಮುಚ್ಚಬೇಕು, ನಳ ತೆರೆದು ಒತ್ತಡ ಇಳಿಸಬೇಕು. ಬಿಚ್ಚುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಯಾವ ಪೈಪ್ ಎಲ್ಲಿತ್ತು ಎಂಬ ಗೊಂದಲ ಆಗುವುದಿಲ್ಲ. ಕನೆಕ್ಟರಿನ ಕುತ್ತಿಗೆಯ ಉಂಗುರವನ್ನು ಒಳಕ್ಕೆ ಒತ್ತಿ ಹಿಡಿದು ಪೈಪ್ ಎಳೆದರೆ ಸಲೀಸಾಗಿ ಬರುತ್ತದೆ, ಒತ್ತದೆ ಎಳೆದರೆ ಮುರಿಯುತ್ತದೆ. ಪೈಪಿನ ತುದಿ ಓರೆಯಾಗಿದ್ದರೆ ಸೋರುತ್ತದೆ, ಬ್ಲೇಡಿನಿಂದ ನೇರ ಕತ್ತರಿಸಬೇಕು. ಮೆಂಬ್ರೇನ್ ಒಳಗೆ ಚಾಪೆ ಸುತ್ತಿದ ಹಾಗೆ ಇರುತ್ತದೆ. ಅದರ ರಬ್ಬರ್ ರಿಂಗಿಗೆ ನೀರು ಸವರಿ ಕೊನೆಯ ತನಕ ನೂಕಬೇಕು, ಅರ್ಧಕ್ಕೆ ನಿಂತರೆ ಬೋರ್ ನೀರು ಪಕ್ಕದಿಂದ ನುಸುಳುತ್ತದೆ. ಹೊಸ ಕಾರ್ಬನ್ನಿನ ಮೊದಲ ನೀರು ಕರ್ರಗೆ ಬರುತ್ತದೆ, ಅದನ್ನು ಮೆಂಬ್ರೇನಿಗೆ ಬಿಡದೆ ಬಕೆಟ್ಟಿಗೆ ಬಿಡಬೇಕು. ಹೊಸ ಮೆಂಬ್ರೇನಿನ ಮೊದಲ ತಾಸಿನ ನೀರು ಕುಡಿಯಬಾರದು. ಸ್ಪನ್ ಫಿಲ್ಟರನ್ನು ಹಳ್ಳಿಯಲ್ಲಿ ಎರಡು ಮೂರು ತಿಂಗಳಿಗೊಮ್ಮೆ ಬದಲಿಸುತ್ತೇವೆ, ಬೋರಿನ ಉಸುಕು ಅದನ್ನು ಬೇಗ ಕಟ್ಟಿಬಿಡುತ್ತದೆ. ಕಾರ್ಬನ್ ವಿಷಯದಲ್ಲಿ ಜಿಪುಣತನ ಬೇಡ. ಈಗಿನ ಮೆಂಬ್ರೇನುಗಳಿಗೆ ಕ್ಲೋರಿನ್ ಆಗಿಬರುವುದಿಲ್ಲ, ಯೋಜನೆಯ ನೀರು ಬಿಟ್ಟ ದಿನ ಕ್ಲೋರಿನ್ ಇರುತ್ತದೆ. ಮುನ್ನೂರರ ಕಾರ್ಬನ್ ಉಳಿಸಲು ಹೋದರೆ ಸಾವಿರದೈನೂರರ ಮೆಂಬ್ರೇನ್ ಹೋಗುತ್ತದೆ.

ಒಳಗೆ ಹೋಗುವ ನೀರಿನ ಟಿಡಿಎಸ್, ಹೊರಗೆ ಬರುವ ನೀರಿನದು, ಎರಡನ್ನೂ ತಿಂಗಳಿಗೊಮ್ಮೆ ಅಳೆದು ಮಷಿನಿನ ಪಕ್ಕದ ಗೋಡೆಗೆ ಬರೆಯುವ ಕೆಲಸವನ್ನು ಅಣ್ಣನ ಮಗಳು ಮಾಡುತ್ತಾಳೆ. ಮೀಟರಿಗೆ ಫ್ಲೋರೈಡ್ ಕಾಣುವುದಿಲ್ಲ ನಿಜ, ಆದರೆ ಮೆಂಬ್ರೇನ್ ಸೋತರೆ ಎಲ್ಲ ಲವಣವೂ ಹೆಚ್ಚು ದಾಟುತ್ತದೆ, ಆ ಅಂಕಿಯಲ್ಲಿ ಸೂಚನೆ ಸಿಗುತ್ತದೆ. ಹೊರಗಿನದು ಒಳಗಿನದರ ಐದನೇ ಒಂದು ಪಾಲಿಗೆ ಏರಿದರೆ ನಾವು ಮೆಂಬ್ರೇನ್ ಬದಲಿಸುತ್ತೇವೆ, ಜೊತೆಗೆ ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಡುತ್ತೇವೆ. ಮೆಂಬ್ರೇನ್ ದಾಟದೆ ಮಷಿನ್ ಹೊರಗೆ ಬಿಡುವ ನೀರಿನಲ್ಲಿ ಫ್ಲೋರೈಡ್ ಬೋರಿಗಿಂತಲೂ ಹೆಚ್ಚಿರುತ್ತದೆ. ಅದನ್ನು ದನಗಳಿಗೆ ಕುಡಿಸಬಾರದು, ದನಗಳ ಹಲ್ಲು, ಎಲುಬಿಗೂ ಅದೇ ರೋಗ ಬರುತ್ತದೆ. ನಮ್ಮಲ್ಲಿ ಅದು ಪಾಯಖಾನೆಗೆ, ಅಂಗಳ ಬಳಿಯಲು ಹೋಗುತ್ತದೆ.

ಎಲ್ಲರ ಮನೆಗೂ ಮಷಿನ್ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಊರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ, ಐದು ರೂಪಾಯಿ ನಾಣ್ಯ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದೆ. ಕೂಲಿ ಮಾಡುವ ಮನೆಗಳು ನಂಬಿರುವುದು ಅದನ್ನೇ. ಆದರೆ ಆ ಘಟಕದ ಮೆಂಬ್ರೇನ್ ಯಾವಾಗ ಬದಲಾಯಿತು, ಬರುತ್ತಿರುವ ನೀರಿನಲ್ಲಿ ಫ್ಲೋರೈಡ್ ಎಷ್ಟು ಎಂದು ಕೊಡ ಹಿಡಿದು ನಿಂತವರಿಗೆ ಗೊತ್ತಾಗುವ ದಾರಿ ಇಲ್ಲ. ನೀರು ಸಪ್ಪಗಿದ್ದರೆ ಶುದ್ಧ ಎಂದು ನಂಬಿ ಒಯ್ಯುತ್ತಾರೆ. ಮನೆಯ ಮಷಿನಿನ ದೂರಿಗಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕ ಆಯೋಗದಲ್ಲಿ ಐದು ಲಕ್ಷದ ತನಕದ ದೂರಿಗೆ ಶುಲ್ಕವೂ ಇಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಒಬ್ಬರಿಗೆ ಹಾಕದ ಮೆಂಬ್ರೇನಿನ ಬಿಲ್ಲು ಆ ಸಹಾಯವಾಣಿಯಿಂದ ವಾಪಸ್ ಬಂತು. ಘಟಕದ ನೀರಿಗೆ ಹಾಗೆ ಕೇಳುವ ಜಾಗ ಗ್ರಾಮಸಭೆ.

ಹೋದ ಗ್ರಾಮಸಭೆಯಲ್ಲಿ ಅಣ್ಣ ಮತ್ತು ಓಣಿಯ ಹೆಣ್ಣುಮಕ್ಕಳು ಕೂಡಿ ಅರ್ಜಿ ಕೊಟ್ಟಿದ್ದಾರೆ: ಘಟಕದ ಗೋಡೆಯ ಮೇಲೆ ಮೆಂಬ್ರೇನ್ ಬದಲಿಸಿದ ತಾರೀಖು, ಕೊನೆಯ ಲ್ಯಾಬ್ ಪರೀಕ್ಷೆಯ ತಾರೀಖು, ಫ್ಲೋರೈಡಿನ ಅಂಕಿ ಬರೆಸಬೇಕು, ಬೆರೆಸುವ ವಾಲ್ವ್ ಇದ್ದರೆ ಮುಚ್ಚಿಸಬೇಕು. ಪಂಚಾಯಿತಿಯವರು ತಾರೀಖು ಬರೆಸಿದ್ದಾರೆ, ಫ್ಲೋರೈಡಿನ ಅಂಕಿ ಇನ್ನೂ ಬರೆಸಿಲ್ಲ. ಘಟಕದ ನೀರನ್ನು ನಾವೇ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕೊಟ್ಟಿದ್ದೇವೆ. ಮುಂದಿನ ಸಭೆಗೆ ಆ ವರದಿ ತೆಗೆದುಕೊಂಡು ಹೋಗುತ್ತೇವೆ.